ಹೆಣ್ಣು ಹಡಗು ಹತ್ತಿದ್ದು ನಿಜವಾ?

ಪ್ರಶ್ನೆ: ಹಾಯಿಹಡಗಿನ ಕಾಲದ ಪ್ರೇಮಕಾದಂಬರಿ ಬರೆಯುತ್ತಿದ್ದೇನೆ. ನಾಯಕಿ ಗಂಡುವೇಷದಲ್ಲಿ ಹಡಗು ಹತ್ತುತ್ತಾಳೆ. ಓದುಗರು ನಂಬ್ತಾರಾ?
– ಓದುಗಿ, ಕುಮಟಾ

ಉತ್ತರ: ಧೈರ್ಯವಾಗಿ ಬರೆಯಿರಿ ತಂಗಿ. ಫ್ರಾನ್ಸಿನ ಜೀನ್ ಬಾರೆ ಹಾಗೇ ಹೋದವಳು. ಅಲ್ಲಿನ ನೌಕಾಪಡೆಯ ಹಡಗಿಗೆ ಹೆಂಗಸರನ್ನು ಸೇರಿಸುತ್ತಿರಲಿಲ್ಲ. ಅದಕ್ಕೇ ಸಸ್ಯವಿಜ್ಞಾನಿ ಕೊಮ್ಮರ್ಸನ್‌ನ ಆಳಿನ ವೇಷದಲ್ಲಿ 1767ರಲ್ಲಿ ಹೊರಟಳು. ಅವನೇ ಅವಳ ಪ್ರಿಯಕರ. ಅವನಿಗೆ ಕಾಲು ಹುಣ್ಣು. ಊಟ, ಬಂದೂಕು, ಒಣಗಿಸಿದ ಗಿಡಗಳ ಕಟ್ಟು ಎಲ್ಲ ಹೊತ್ತು ಗುಡ್ಡ ಹತ್ತುತ್ತಿದ್ದವಳು ಇವಳೇ. ಆ ಯಾನದಲ್ಲಿ ಬ್ರೆಜಿಲ್‌ನಲ್ಲಿ ಸಿಕ್ಕ ಬಳ್ಳಿಗೇ ನಾಯಕ ಬೂಗನ್ವಿಲ್‌ನ ಹೆಸರು. ನಮ್ಮನೆ ಗೇಟಿನ ಮೇಲಿನ ಬೋಗನ್ವಿಲ್ಲಾ ನೋಡಿದಾಗೆಲ್ಲ ನನಗೆ ಜೀನ್‌ಳದೇ ನೆನಪು.

ವೇಷ ಬಯಲಾಗುವ ದೃಶ್ಯ ಎಲ್ಲರೂ ಬರೆಯುತ್ತಾರೆ, ಅಲ್ವಾ? ನೀವು ಅಲುಗಾಡುವ ಹಡಗಿನಲ್ಲಿ ಅವಳು ಆ ಹುಣ್ಣಿನ ಪಟ್ಟಿ ಬಿಚ್ಚುವ ರಾತ್ರಿಯಿಂದ ಶುರು ಮಾಡಿ.