ಫ್ಯಾನ್ ಫಿಕ್ಷನ್ ಗಿಫ್ಟ್ ಎಕ್ಸ್‌ಚೇಂಜ್‌ಗೆ ನಾಮಿನೇಷನ್ ಹೇಗೆ ನಡೆಸಬೇಕು?

ನೀವು ಮತ್ತು ನಿಮ್ಮ ಗೆಳತಿ ಸೇರಿ ಸುಮಾರು 20 ಜನರ ಗಿಫ್ಟ್ ಎಕ್ಸ್‌ಚೇಂಜ್ ಶುರು ಮಾಡುತ್ತಿದ್ದೀರಿ, ಫ್ಯಾನ್ ಫಿಕ್ಷನ್ ಹಾಕುವ ಸೈಟ್ ಎಒ3ಯಲ್ಲಿ ನಡೆಸುತ್ತೀರಿ ಅಂತ ಬರೆದಿದ್ದೀರಿ. ನಾಮಿನೇಷನ್‌ಗೆ ಎಷ್ಟು ದಿನ ಕೊಡಬೇಕು, ಒಬ್ಬೊಬ್ಬರಿಗೆ ಎಷ್ಟು ಫ್ಯಾಂಡಮ್ (ಅಂದರೆ ಮೂಲ ಕಥೆ ಅಥವಾ ಕೃತಿ) ಬಿಡಬೇಕು, ಬಂದದ್ದನ್ನೆಲ್ಲ ಒಪ್ಪಿಕೊಳ್ಳಬೇಕಾ ಅಂತ ಕೇಳಿದ್ದೀರಿ. ನಾನು ನಾಲ್ಕು ವರ್ಷದಿಂದ ಇಂಥದ್ದೇ ಒಂದು ಸಣ್ಣ ಎಕ್ಸ್‌ಚೇಂಜ್ ನೋಡಿಕೊಳ್ಳುತ್ತಿದ್ದೇನೆ. ನಮ್ಮದು ಭಾರತದ ಕಥೆಗಳಿಗೆ ಮಾತ್ರ: ಪುರಾಣ, ಕಾವ್ಯ, ಕಾದಂಬರಿ, ಹಳೆಯ ಧಾರಾವಾಹಿಗಳು. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಇದನ್ನು ಓದುವ ಬೇರೆಯವರಿಗಾಗಿ ಎರಡು ಮಾತು. ಫ್ಯಾನ್ ಫಿಕ್ಷನ್ ಅಂದರೆ ಇಷ್ಟವಾದ ಒಂದು ಕೃತಿಯ ಪಾತ್ರಗಳನ್ನು ಇಟ್ಟುಕೊಂಡು ಓದುಗರೇ ಬರೆಯುವ ಹೊಸ ಕಥೆ. ಗಿಫ್ಟ್ ಎಕ್ಸ್‌ಚೇಂಜ್ ಅಂದರೆ ಪ್ರತಿಯೊಬ್ಬರೂ ಯಾರೋ ಒಬ್ಬರಿಗೆ ಒಂದು ಕಥೆ ಬರೆದುಕೊಡುತ್ತಾರೆ, ಯಾರಿಂದಲೋ ಒಂದು ಕಥೆ ಪಡೆಯುತ್ತಾರೆ. ಯಾರು ಯಾರಿಗೆ ಬರೆಯುತ್ತಿದ್ದಾರೆ ಅನ್ನುವುದು ಗುಟ್ಟು. ಮೊದಲು ನಾಮಿನೇಷನ್: ಈ ಸಲ ಯಾವ ಕಥೆಗಳು, ಯಾವ ಪಾತ್ರಗಳು ಪಟ್ಟಿಯಲ್ಲಿರಬೇಕು ಅಂತ ಎಲ್ಲರೂ ಸೂಚಿಸುತ್ತಾರೆ. ಆಮೇಲೆ ಸೈನ್ ಅಪ್: ಆ ಪಟ್ಟಿಯಿಂದ ತನಗೆ ಏನು ಬೇಕು, ತಾನು ಏನು ಬರೆಯಬಲ್ಲೆ ಅಂತ ಆರಿಸುತ್ತಾರೆ. ಆ ಮೇಲೆ ಮ್ಯಾಚಿಂಗ್: ಕೇಳಿದವರಿಗೂ ಅದನ್ನು ಬರೆಯಬಲ್ಲವರಿಗೂ ಜೊತೆ ಮಾಡುವುದು. ಇದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಯೂಲ್‌ಟೈಡ್. 2003ರಲ್ಲಿ ಶುರುವಾಯಿತು, ಹೆಚ್ಚು ಜನ ಬರೆಯದ ಕಥೆಗಳಿಗೇ ಮೀಸಲು. ಸೆಪ್ಟೆಂಬರ್ ಹೊತ್ತಿಗೆ ನಾಮಿನೇಷನ್, ಅಕ್ಟೋಬರ್ ಹೊತ್ತಿಗೆ ಸೈನ್ ಅಪ್, ಡಿಸೆಂಬರ್ 25ಕ್ಕೆ ಕಥೆಗಳು ತೆರೆಯುತ್ತವೆ, ಜನವರಿ 1ಕ್ಕೆ ಬರೆದವರ ಹೆಸರು ಹೊರಬರುತ್ತದೆ. ಕಡಿಮೆ ಅಂದರೂ 1000 ಪದ ಬರೆಯಬೇಕು. ನಮ್ಮಂಥ ಸಣ್ಣವರೆಲ್ಲ ಬಹುಪಾಲು ಅಲ್ಲಿಂದಲೇ ಕಲಿತದ್ದು.

ಮೊದಲು ಸಂಖ್ಯೆಯ ವಿಷಯ. ಒಬ್ಬರಿಗೆ 3 ಫ್ಯಾಂಡಮ್, ಪ್ರತಿ ಫ್ಯಾಂಡಮ್‌ಗೆ 4 ಪಾತ್ರ ಅಂತ ಬಿಟ್ಟರೆ, 20 ಜನಕ್ಕೆ 60 ಫ್ಯಾಂಡಮ್, 240 ಪಾತ್ರ ಆಗಬಹುದು. ದೊಡ್ಡ ಎಕ್ಸ್‌ಚೇಂಜ್‌ಗೆ ಇದು ಲೆಕ್ಕವೇ ಅಲ್ಲ. ನೂರಾರು ಜನ ಇರುವ ಕಡೆ ಎಂಥ ಅಪರೂಪದ ಕಥೆಗೂ ಬರೆಯುವವರು ಒಬ್ಬರಾದರೂ ಸಿಗುತ್ತಾರೆ. 20 ಜನರಲ್ಲಿ ಹಾಗೆ ಸಿಗುವುದಿಲ್ಲ. ಮೊದಲ ವರ್ಷ ನಾವು 14 ಜನ ಇದ್ದೆವು. ಎಲ್ಲರಿಗೂ ಖುಷಿಯಾಗಲಿ ಅಂತ ತಲಾ 5 ಫ್ಯಾಂಡಮ್ ಬಿಟ್ಟೆ. ಪಟ್ಟಿ ನೋಡುವುದಕ್ಕೆ ತುಂಬಾ ಚೆನ್ನಾಗಿತ್ತು. ಮ್ಯಾಚಿಂಗ್ ದಿನ ನೋಡಿದರೆ ಇಬ್ಬರಿಗೆ ಜೊತೆಯೇ ಇಲ್ಲ. ಅವರು ಕೇಳಿದ ಯಾವುದನ್ನೂ ಬರೆಯುತ್ತೇನೆ ಅಂದವರು ಒಬ್ಬರೂ ಇರಲಿಲ್ಲ. ಒಂದು ಕಥೆ ನಾನೇ ಬರೆದೆ, ಇನ್ನೊಂದಕ್ಕೆ ಗೆಳತಿಯೊಬ್ಬಳಿಗೆ ರಾತ್ರಿ ಫೋನ್ ಮಾಡಿ ಕೇಳಿಕೊಂಡೆ.

ಹಾಗಾಗಿ ನೀವು ಮೊದಲ ಸಲ ತಲಾ 2 ಅಥವಾ 3 ಫ್ಯಾಂಡಮ್‌ಗಿಂತ ಜಾಸ್ತಿ ಬಿಡಬೇಡಿ. ಜೊತೆಗೆ ಒಂದು ವಿಷಯಕ್ಕೆ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು. ಎಲ್ಲರೂ ಒಂದೇ ಬಗೆಯದನ್ನು ಓದಿದವರಾದರೆ ಬೇರೆಯವರು ಸೂಚಿಸಿದ್ದನ್ನು ನೋಡಿ "ಅರೆ, ಇದು ನಾನೂ ಬರೆಯಬಲ್ಲೆ" ಅನ್ನುತ್ತಾರೆ. ಸೈನ್ ಅಪ್‌ನಲ್ಲಿ ಕೇಳುವುದು ಕಡಿಮೆ ಅಂದರೆ 3, ಬರೆಯಲು ಒಪ್ಪುವುದು ಕಡಿಮೆ ಅಂದರೆ 5 ಅಂತ ಇಟ್ಟರೆ ಮ್ಯಾಚಿಂಗ್ ಸಲೀಸಾಗುತ್ತದೆ. ಇದನ್ನು ನಾಮಿನೇಷನ್ ಹೊತ್ತಿಗೇ ಹೇಳಿಬಿಡಿ. ಆಗ ಜನ ತಮಗೆ ಬೇಕಾದ್ದನ್ನು ಮಾತ್ರವಲ್ಲ, ಬೇರೆಯವರಿಗೂ ಗೊತ್ತಿರಬಹುದಾದ್ದನ್ನು ಯೋಚಿಸಿ ಹಾಕುತ್ತಾರೆ.

ಇನ್ನು ಹೆಸರುಗಳ ವಿಷಯ. ಇದರ ಮೇಲೆ ನಾನು ಸ್ವಲ್ಪ ಜಾಸ್ತಿ ಹೇಳಬೇಕು. ನನ್ನ ಪ್ರಕಾರ ನಾಮಿನೇಷನ್ ಅಂದರೆ ಇದೇ. ಕೇಳುವವರು ಒಂದು ಹೆಸರು ಬರೆದಾಗ ಅವರ ಮನಸ್ಸಿನಲ್ಲಿ ಇರುವುದು, ಬರೆಯುವವರು ಅದೇ ಹೆಸರು ಓದಿದಾಗ ಅವರ ಮನಸ್ಸಿಗೆ ಬರುವುದು, ಎರಡೂ ಒಂದೇ ಆಗಿರಬೇಕು. ಅಷ್ಟು ಮಾಡಿಕೊಡುವುದು ನಮ್ಮ ಕೆಲಸ.

ಎರಡನೇ ವರ್ಷ ಒಬ್ಬರು "ಪಂಪ ಭಾರತ" ಅಂತ ಸೂಚಿಸಿದ್ದರು. ಪಾತ್ರಗಳು ದ್ರೌಪದಿ, ಅರ್ಜುನ, ಸುಭದ್ರೆ. ಪಟ್ಟಿಯಲ್ಲಿ ಆಗಲೇ "ಮಹಾಭಾರತ" ಅಂತ ಇತ್ತು, ಅದರ ಕೆಳಗೆ ಇದೇ ಪಾತ್ರಗಳೂ ಇದ್ದವು. ಅದೂ ಇದೂ ಒಂದೇ ಅಲ್ವಾ ಅಂದುಕೊಂಡು ನಾನು ಅವರದ್ದನ್ನು ಅದರಲ್ಲೇ ಸೇರಿಸಿಬಿಟ್ಟೆ. ಅವರನ್ನು ಕೇಳಲಿಲ್ಲ. ಅವರು ಸೈನ್ ಅಪ್ ಮಾಡಿ ದ್ರೌಪದಿ ಮತ್ತು ಅರ್ಜುನರ ಕಥೆ ಬೇಕು ಅಂದರು. ಅವರಿಗೆ ಬಂದ ಕಥೆ ನಿಜಕ್ಕೂ ಚೆನ್ನಾಗಿತ್ತು. ಐದು ಗಂಡಂದಿರ ಮನೆಯಲ್ಲಿ ಅರ್ಜುನನ ಸರದಿಗೆ ಕಾಯುವ ದ್ರೌಪದಿ, ಅವನು ವನವಾಸಕ್ಕೆ ಹೊರಟ ದಿನ. ಅವರು ಬರೆದವರಿಗೆ ಮನಸ್ಸಿಟ್ಟು ಥ್ಯಾಂಕ್ಸ್ ಹೇಳಿದರು. ಒಂದು ವಾರದ ಮೇಲೆ ನನಗೆ ಮಾತ್ರ ಒಂದು ಮೇಲ್ ಬಂತು.

ಪಂಪನ ಕಾವ್ಯದಲ್ಲಿ ದ್ರೌಪದಿಗೆ ಐದು ಗಂಡಂದಿರಿಲ್ಲ. ಅವಳು ಅರ್ಜುನನೊಬ್ಬನ ಹೆಂಡತಿ. ಪಂಪ ತನ್ನ ರಾಜ ಅರಿಕೇಸರಿಯನ್ನೇ ಅರ್ಜುನನಾಗಿ ಕಂಡು ಬರೆದವನು, ಕಥೆಯನ್ನು ಅದಕ್ಕೆ ತಕ್ಕಂತೆ ತಿರುಗಿಸಿದ. ಕೊನೆಗೆ ಅರ್ಜುನನಿಗೇ ಪಟ್ಟಾಭಿಷೇಕ, ಆದರೆ ಅವನ ಪಕ್ಕದಲ್ಲಿ ಪಟ್ಟ ಏರುವವಳು ಸುಭದ್ರೆ. ಆ ಮೇಲ್‌ನಲ್ಲಿ ಇದ್ದ ಮಾತು ನನಗೆ ಇವತ್ತಿಗೂ ನೆನಪಿದೆ: "ಸುಭದ್ರೆಗೆ ಪಟ್ಟ ಕಟ್ಟಿದ ದಿನ ದ್ರೌಪದಿ ಎಲ್ಲಿ ಕೂತಿದ್ದಳು ಅಂತ ಕಾಲೇಜಿನಿಂದ ನನಗೆ ಒಂದೇ ಯೋಚನೆ. ಯಾರಾದರೂ ಬರೆದುಕೊಡಬಹುದು ಅಂತ ಆಸೆಯಿತ್ತು." ಅದನ್ನು ಯಾಕೆ ಸೈನ್ ಅಪ್‌ನ ವಿವರದಲ್ಲಿ ಬರೆಯಲಿಲ್ಲ ಅಂತ ಕೇಳಿದೆ. ಪಂಪ ಅಂತ ಹೆಸರಿದ್ದರೆ ಸಾಕು ಅಂದುಕೊಂಡಿದ್ದೆ, ಪಟ್ಟಿಯಲ್ಲಿ ಆ ಹೆಸರು ಕಾಣದಿದ್ದಾಗ ಕೇಳಲು ಸಂಕೋಚವಾಯಿತು ಅಂದರು.

ತಪ್ಪು ಪೂರ್ತಿ ನನ್ನದು. ಬರೆದವರದ್ದೂ ಅಲ್ಲ, ಕೇಳಿದವರದ್ದೂ ಅಲ್ಲ.

ಅಂದಿನಿಂದ ನಾನು ಪಾಲಿಸುವ ನಿಯಮ ಸರಳ. ಒಂದೇ ಕೃತಿಗೆ ಹಲವು ಹೆಸರಿದ್ದರೆ ಒಂದು ಮಾಡು. ಒಂದೇ ಹೆಸರಿನ ಹಿಂದೆ ಹಲವು ಕೃತಿಗಳಿದ್ದರೆ ಬೇರೆ ಮಾಡು. ಹೇಳುವಾಗ ಸುಲಭ, ಮಾಡುವಾಗ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕು. ನಮ್ಮ ಕಡೆಯ ಕಥೆಗಳಲ್ಲಂತೂ ಎರಡೂ ತೊಂದರೆ ಇವೆ. ಒಬ್ಬರು "ಗದುಗಿನ ಭಾರತ" ಅಂತ ಹಾಕುತ್ತಾರೆ, ಇನ್ನೊಬ್ಬರು "ಕುಮಾರವ್ಯಾಸ ಭಾರತ", ಮತ್ತೊಬ್ಬರು "ಕರ್ಣಾಟ ಭಾರತ ಕಥಾಮಂಜರಿ". ಮೂರೂ ಒಂದೇ. ಆದರೆ ಕಂಪ್ಯೂಟರ್‌ಗೆ ಮೂರು ಬೇರೆ ಬೇರೆ. ಹಾಗೇ ಬಿಟ್ಟರೆ ಒಂದರಲ್ಲಿ ಕೇಳಿದವರಿಗೂ ಇನ್ನೊಂದರಲ್ಲಿ ಬರೆಯುತ್ತೇನೆ ಅಂದವರಿಗೂ ಜೊತೆ ಆಗುವುದೇ ಇಲ್ಲ. "ಪಂಪ ಭಾರತ" ಮತ್ತು "ವಿಕ್ರಮಾರ್ಜುನ ವಿಜಯ", "ಗದಾಯುದ್ಧ" ಮತ್ತು "ಸಾಹಸಭೀಮ ವಿಜಯ" ಕೂಡ ಹೀಗೆಯೇ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಂದೊಂದಕ್ಕೂ ನಾಲ್ಕು ಸ್ಪೆಲ್ಲಿಂಗ್ ಬೇರೆ.

ಇನ್ನೊಂದು ಕಡೆ ನೋಡಿ. "ಸ್ವಾಮಿ" ಅಂತ ಯಾರೋ ಪಾತ್ರ ಸೂಚಿಸುತ್ತಾರೆ. ಆರ್. ಕೆ. ನಾರಾಯಣ್ ಅವರ 1935ರ ಕಾದಂಬರಿಯ ಸ್ವಾಮಿಯೋ, ಶಂಕರ್ ನಾಗ್ ದೂರದರ್ಶನಕ್ಕೆ ಮಾಡಿದ "ಮಾಲ್ಗುಡಿ ಡೇಸ್" ಧಾರಾವಾಹಿಯ ಸ್ವಾಮಿಯೋ? ಕೆಲವರಿಗೆ ಎರಡೂ ಒಂದೇ. ಕೆಲವರಿಗೆ ಸ್ವಾಮಿ ಅಂದರೆ ಆಗುಂಬೆಯ ಆ ಮನೆ, ಆ ಹುಡುಗನ ಮುಖ, ಆ ಹಾಡು ಎಲ್ಲ ಸೇರಬೇಕು. ಕೇಳಿ. ಎರಡು ಸಾಲಿನ ಮೆಸೇಜ್ ಸಾಕು. ಎರಡೂ ಆಗಬಹುದು ಅಂದರೆ ಪಟ್ಟಿಯಲ್ಲಿ ಒಂದೇ ಟ್ಯಾಗ್ (ಅಂದರೆ ಒಂದೇ ಹೆಸರು) ಇಟ್ಟು, ವಿವರದಲ್ಲಿ ಬರೆಯಿರಿ ಅಂತ ಹೇಳಿ.

ಎಒ3ಯ ಒಳಗೆ ಮಾಡುವ ಕೆಲಸ ಹೀಗೆ. ಮೊದಲು ಒಂದು ಟ್ಯಾಗ್ ಸೆಟ್, ಅಂದರೆ ಹೆಸರುಗಳ ಪಟ್ಟಿ ಮಾಡಬೇಕು, ಅದನ್ನು ನಾಮಿನೇಷನ್‌ಗೆ ತೆರೆಯಬೇಕು. ಫ್ಯಾಂಡಮ್ ಎಷ್ಟು, ಪಾತ್ರ ಎಷ್ಟು ಅಂತ ಅಲ್ಲೇ ಮಿತಿ ಹಾಕಬಹುದು. ಪಾತ್ರದ ಮಿತಿ ಪ್ರತಿ ಫ್ಯಾಂಡಮ್‌ಗೆ ಅನ್ನುವುದು ನೆನಪಿರಲಿ. ನಿಮ್ಮ ಗೆಳತಿಯನ್ನೂ ಆ ಸೆಟ್‌ಗೆ ಮಾಡರೇಟರ್ ಮಾಡಿ. ಒಬ್ಬರ ಕಣ್ಣು ತಪ್ಪಿದ್ದನ್ನು ಇನ್ನೊಬ್ಬರು ಹಿಡಿಯುತ್ತಾರೆ. ಬಂದದ್ದನ್ನು ಒಪ್ಪಬಹುದು, ಬಿಡಬಹುದು, ಹೆಸರು ತಿದ್ದಿ ಒಪ್ಪಬಹುದು. ಸೈಟಿನಲ್ಲಿ ಆಗಲೇ ಅಧಿಕೃತವಾಗಿ ಇರುವ ಟ್ಯಾಗ್ ಆದರೆ ಕೆಲಸ ಸುಲಭ, ಟೈಪ್ ಮಾಡುತ್ತಿದ್ದಂತೆ ಅದೇ ತೋರಿಸುತ್ತದೆ. ಹೊಸ ಹೆಸರಾದರೆ ಆ ಪಾತ್ರ ಯಾವ ಫ್ಯಾಂಡಮ್‌ಗೆ ಸೇರಿದ್ದು ಅಂತ ಅದಕ್ಕೆ ಗೊತ್ತಿರುವುದಿಲ್ಲ. ಟ್ಯಾಗ್ ಸೆಟ್‌ನಲ್ಲಿ ಅಸೋಸಿಯೇಷನ್ ಅಂತ ಒಂದು ಜಾಗ ಇದೆ, ಅಲ್ಲಿ ಪಾತ್ರವನ್ನೂ ಫ್ಯಾಂಡಮನ್ನೂ ನೀವೇ ಜೋಡಿಸಬೇಕು. ಇದನ್ನು ಮರೆತರೆ ಸೈನ್ ಅಪ್ ದಿನ "ನನ್ನ ಪಾತ್ರವೇ ಕಾಣುತ್ತಿಲ್ಲ" ಅಂತ ಮೆಸೇಜ್ ಬರುತ್ತಾ ಹೋಗುತ್ತವೆ. ಸೈನ್ ಅಪ್ ತೆರೆಯುವ ಹಿಂದಿನ ದಿನ ಇದೊಂದನ್ನು ಮತ್ತೆ ನೋಡಿ.

ಇದರ ಪಕ್ಕದಲ್ಲಿ ಒಂದು ಗೂಗಲ್ ಶೀಟ್ ಇಡಿ, ಎಲ್ಲರಿಗೂ ಕಾಣುವ ಹಾಗೆ. ಯಾರು ಏನು ಸೂಚಿಸಿದರು, ಆ ಕಥೆ ಎಲ್ಲಿ ಓದಲು ಅಥವಾ ನೋಡಲು ಸಿಗುತ್ತದೆ, ಓದಲು ಎಷ್ಟು ಹೊತ್ತು ಬೇಕು. ಕೊನೆಯದು ಅನಾವಶ್ಯಕ ಅನ್ನಿಸಬಹುದು, ಆದರೆ ತುಂಬಾ ಉಪಯೋಗ. ಸಣ್ಣ ಕಥೆಯೊಂದು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಅಂತ ಗೊತ್ತಾದರೆ ಯಾರೋ ಅವತ್ತೇ ಓದಿ, ಬರೆಯಲು ಒಪ್ಪಿಕೊಳ್ಳುತ್ತಾರೆ. ನಮ್ಮಲ್ಲಿ ಹೀಗೆ ಎಷ್ಟೋ ಕಥೆಗಳಿಗೆ ಬರೆಯುವವರು ಸಿಕ್ಕಿದ್ದಾರೆ. ಅಷ್ಟೇ ಅಲ್ಲ, ಶೀಟ್ ನೋಡಿದವರು ಆಗಲೇ ಬಂದದ್ದನ್ನು ಮತ್ತೆ ಹಾಕುವುದಿಲ್ಲ, ಆ ಜಾಗ ಇನ್ನೊಂದಕ್ಕೆ ಉಳಿಯುತ್ತದೆ. "ದುರ್ಯೋಧನ, ಅಶ್ವತ್ಥಾಮ ನಾನು ಹಾಕಿದ್ದೇನೆ, ಸಂಜಯನನ್ನು ನೀನು ಹಾಕು" ಅಂತ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಹಾಗೆ ಮಾಡಿ ಅಂತ ನೀವೇ ಹೇಳಿ. ಅದು ತಪ್ಪಲ್ಲ.

ಬಂದದ್ದನ್ನೆಲ್ಲ ಒಪ್ಪಬೇಕಾ ಅಂದರೆ, ಇಲ್ಲ. ಆದರೆ ಯಾವುದನ್ನು ಒಪ್ಪುವುದಿಲ್ಲ ಅನ್ನುವುದನ್ನು ನಾಮಿನೇಷನ್ ತೆರೆಯುವ ಮೊದಲೇ ಬರೆದು ಹಾಕಿ. ಆಮೇಲೆ ಹೇಳಿದರೆ ಅದು ಅವರೊಬ್ಬರ ಮೇಲೆ ಹಾಕಿದ ನಿಯಮದಂತೆ ಕಾಣುತ್ತದೆ. ಬದುಕಿರುವ ನಟ ನಟಿಯರು, ಆಟಗಾರರು ಪಾತ್ರಗಳಾಗಿ ಬೇಡ ಅನ್ನುವುದು ನಮ್ಮ ನಿಯಮ. ಬೇರೆ ಕಡೆ ಒಪ್ಪುತ್ತಾರೆ, ಅದು ಅವರವರ ತೀರ್ಮಾನ. ನನಗೆ ಮಾತ್ರ ಬದುಕಿರುವವರ ಮನೆ ಮಾತನ್ನು ಕಥೆ ಮಾಡುವುದು ಸರಿ ಅನ್ನಿಸುವುದಿಲ್ಲ. ದೇವರ ಕಥೆಗಳು ಬೇಕಾ, ಬೇಕಾದರೆ ಎಲ್ಲಿಯವರೆಗೆ ಅನ್ನುವುದನ್ನೂ ನೀವಿಬ್ಬರು ಮೊದಲೇ ಕೂತು ಮಾತಾಡಿಕೊಳ್ಳಿ. ಪೂಜೆ ಮಾಡುವ ಮನೆಯಿಂದ ಬಂದವರೂ ಇರುತ್ತಾರೆ, ಕಾವ್ಯವಾಗಿ ಮಾತ್ರ ಓದುವವರೂ ಇರುತ್ತಾರೆ. ಇಬ್ಬರಿಗೂ ಜಾಗ ಇರಬೇಕು. ನಾವು ಪಟ್ಟಿಯಲ್ಲಿ ಇಡುತ್ತೇವೆ, ಏನು ಬೇಡ ಅನ್ನುವುದನ್ನು ಸೈನ್ ಅಪ್‌ನಲ್ಲಿ ಪ್ರತಿಯೊಬ್ಬರೂ ಬರೆಯುತ್ತಾರೆ, ಅದನ್ನು ಮೀರುವ ಹಾಗಿಲ್ಲ.

ಯಾವುದನ್ನಾದರೂ ತೆಗೆಯುವುದಾದರೆ ಸುಮ್ನೆ ತೆಗೆದುಬಿಡಬೇಡಿ. ಮೊದಲು ಮೆಸೇಜ್ ಮಾಡಿ, ಕಾರಣ ಹೇಳಿ, ಬದಲಿಗೆ ಇನ್ನೊಂದು ಹಾಕಲು ಒಂದು ದಿನ ಕೊಡಿ. ತನಗೆ ತುಂಬಾ ಇಷ್ಟವಾದ, ಸುತ್ತಮುತ್ತ ಯಾರೂ ಓದದ ಒಂದು ಕಥೆಯ ಹೆಸರನ್ನು ಒಬ್ಬರು ಧೈರ್ಯ ಮಾಡಿ ನಿಮ್ಮ ಮುಂದೆ ಇಟ್ಟಿರುತ್ತಾರೆ.

ದಿನಗಳ ಲೆಕ್ಕ: ನಾಮಿನೇಷನ್‌ಗೆ 9 ಅಥವಾ 10 ದಿನ, ಅದರಲ್ಲಿ ಎರಡು ಭಾನುವಾರ ಬರಲಿ. ಬಹಳ ಜನ ಭಾನುವಾರವೇ ಕೂತು ಹಾಕುತ್ತಾರೆ. ಮುಗಿಯುವ ಹೊತ್ತು ರಾತ್ರಿ 12 ಅಂತ ಇಡಬೇಡಿ, ಯಾವ ದಿನದ 12 ಅಂತ ಗೊಂದಲ ಆಗುತ್ತದೆ. ಭಾರತದ ರಾತ್ರಿ 9 ಅಂತ ಇಡಿ, ಹೊರದೇಶದವರಿಗೆ ಅವರ ಊರಿನ ಹೊತ್ತನ್ನೂ ಬರೆದುಕೊಡಿ. ನಮ್ಮಲ್ಲಿ ಮೆಲ್ಬರ್ನ್‌ನವರೂ ಇದ್ದಾರೆ, ನ್ಯೂಜೆರ್ಸಿಯವರೂ ಇದ್ದಾರೆ. ನಾಮಿನೇಷನ್ ಮಾಡದವರೂ ಸೈನ್ ಅಪ್ ಮಾಡಬಹುದು, ಮಾಡಿದವರು ಸೈನ್ ಅಪ್ ಮಾಡಲೇಬೇಕು ಅಂತಿಲ್ಲ ಅನ್ನುವುದನ್ನೂ ಸ್ಪಷ್ಟವಾಗಿ ಬರೆಯಿರಿ. ಪ್ರತಿ ವರ್ಷ ಇದನ್ನು ಯಾರಾದರೂ ಕೇಳುತ್ತಾರೆ.

ಮುಗಿದ ಮೇಲೆ ನಿಮಗೆ 3 ದಿನ ಇಟ್ಟುಕೊಳ್ಳಿ. ಎಲ್ಲ ಹೆಸರು ನೋಡಿ, ಕೇಳಬೇಕಾದವರನ್ನು ಕೇಳಿ. ಪಟ್ಟಿ ಸಿದ್ಧವಾದ ಮೇಲೆ ಮತ್ತೆ 2 ದಿನ ಎಲ್ಲರ ಮುಂದೆ ಇಡಿ, ತಾವು ಸೂಚಿಸಿದ ಹೆಸರು ಸರಿಯಾಗಿ ಬಂದಿದೆಯಾ ಅಂತ ಒಬ್ಬೊಬ್ಬರೂ ನೋಡಲಿ. ನಾನು ಈ 2 ದಿನ ಬಿಡಲು ಶುರು ಮಾಡಿದ್ದು ಆ ಮೇಲ್ ಬಂದ ಮೇಲೆ. ಮೂರನೇ ವರ್ಷ ನಾನೇ ಅವರಿಗೆ ಬರೆದು, "ಪಂಪ ಭಾರತ" ಈ ಸಲ ಬೇರೆಯೇ ಇದೆ, ನೋಡಿ ಅಂದೆ. ಅವರು ಮತ್ತೆ ಅದೇ ಮೂರು ಪಾತ್ರಗಳನ್ನು ಹಾಕಿದರು. ಪಟ್ಟಿ ತೋರಿಸಿದ ಎರಡನೇ ದಿನ ಶೀಟ್‌ನಲ್ಲಿ ಆ ಸಾಲಿನ ಪಕ್ಕ ಇನ್ನೊಬ್ಬರು ಬರೆದಿದ್ದರು: "ಇದನ್ನು ನಾನು ಓದಿಲ್ಲ, ಆದರೆ ಮನೆಯಲ್ಲಿ ಅಪ್ಪನ ಪುಸ್ತಕ ಇದೆ. ಸೈನ್ ಅಪ್ ಯಾವತ್ತು?"