ಗ್ರೂಪ್ ಬಿಡಬೇಡಿ, ಗಂಡನ ಫೋನ್ ಬಿಡಿ

ಈ ವಾರದ ಪತ್ರಗಳಲ್ಲಿ ಒಂದನ್ನು ಓದಿ ನನಗೆ ಸಿಟ್ಟು ಬಂತು. ಬರೆದವರ ಮೇಲಲ್ಲ. ಯಾರ ಮೇಲೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ವಿಷಯ.

‘ಹೆಸರು ಬೇಡ, ತಿಪಟೂರು ಕಡೆಯ ಸೊಸೆ ಅಂತ ಹಾಕಿದರೆ ಸಾಕು’ ಎಂದಿದ್ದಾರೆ. ವಯಸ್ಸು 35. ಗಂಡ, ಏಳು ವರ್ಷದ ಮಗಳ ಜೊತೆ ಮೈಸೂರಿನಲ್ಲಿ ವಾಸ, ಬ್ಯಾಂಕಿನಲ್ಲಿ ಕೆಲಸ. ಗಂಡನ ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ 68 ಜನ. ಕಳೆದ ತಿಂಗಳು ದೊಡ್ಡಮಾವ, ದೊಡ್ಡತ್ತೆಯವರ ಮದುವೆಗೆ ಐವತ್ತು ವರ್ಷ ತುಂಬಿತು. ಸಮಾರಂಭ ಬೇಡ ಅಂತ ಹಿರಿಯರೇ ಹೇಳಿದ್ದರಿಂದ ಸಂಭ್ರಮವೆಲ್ಲ ಗ್ರೂಪಿನಲ್ಲೇ. ಓರಗಿತ್ತಿ ಹಳೇ ಮದುವೆ ಫೋಟೋ ಹಾಕಿದರು, ಶುಭಾಶಯಗಳ ಮಳೆ ಸುರಿಯಿತು. ಇವರು ಮಾತ್ರ ಏನೂ ಬರೆಯಲಿಲ್ಲ. ಮಗಳಿಗೆ ಡೆಂಗಿ ಬಂದು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ದರು. ಗ್ರೂಪಿನಲ್ಲಿ ಹೇಳಿದರೆ ಪಪ್ಪಾಯಿ ಎಲೆ ರಸ ಕುಡಿಸಿ ಅಂತ ಇಪ್ಪತ್ತು ಜನ ಫೋನ್ ಮಾಡುತ್ತಾರೆ ಎಂದು ಸುಮ್ಮನಿದ್ದರು. ಅತ್ತೆಯವರಿಗೆ ಮಾತ್ರ ಗೊತ್ತಿತ್ತು.

ಮರುದಿನ ಸಂಜೆ ಓರಗಿತ್ತಿ ತಮ್ಮ ಫೋಟೋವನ್ನು ಯಾರ್ಯಾರು ನೋಡಿದ್ದಾರೆ ಎಂಬ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೇ ಹಾಕಿದರು. ಇವರ ಹೆಸರು, ಪಕ್ಕದಲ್ಲಿ ಬೆಳಿಗ್ಗೆ 9.14. ಕೆಳಗೆ ಒಂದು ಸಾಲು: ‘ನೋಡೋಕೆ ಟೈಮ್ ಇರುತ್ತೆ, ಒಂದ್ ಮಾತು ಹಾಕೋಕೆ ಇರಲ್ಲ.’ ಯಾರೋ ನಗುವ ಇಮೋಜಿ ಒತ್ತಿದರು. ರಾತ್ರಿ ಗಂಡ ಅಂದರಂತೆ, ‘ಒಂದು ಕೈಮುಗಿಯೋ ಇಮೋಜಿ ಹಾಕಿದ್ರೆ ನಿನ್ನ ಗಂಟೇನು ಹೋಗ್ತಿತ್ತು?’

ಇವರ ಪ್ರಶ್ನೆ ಎರಡು. ಗ್ರೂಪ್ ಬಿಟ್ಟುಬಿಡಲೇ? ಅಥವಾ ಎಲ್ಲರೆದುರು ಕ್ಷಮೆ ಕೇಳಲೇ?

ನಾಲ್ಕು ಪುಟದ ಪತ್ರದಲ್ಲಿ ಎರಡು ಪುಟ ಅತ್ತೆಯವರ ಬಗ್ಗೆ. ಅವರು ಗ್ರೂಪಿನಲ್ಲಿ ಸೊಸೆಯ ಪರ ಮಾತಾಡಲಿಲ್ಲ ಎಂಬ ನೋವು. ಇರಲಿ. ನನ್ನ ಕಣ್ಣು ನಿಂತದ್ದು ಮೂರನೇ ಪುಟದಲ್ಲಿ ಕಂಸದೊಳಗೆ ನೀವು ಮುಚ್ಚಿಟ್ಟ ಒಂದು ಮಾತಿನ ಮೇಲೆ. ‘(ನಮ್ಮ ಯಜಮಾನರು ಆ ಗ್ರೂಪನ್ನು ಮ್ಯೂಟ್ ಮಾಡಿಟ್ಟು ಎರಡು ವರ್ಷ ಆಯಿತು. ಮುಖ್ಯವಾದವರ ಹುಟ್ಟುಹಬ್ಬ ಇದ್ದರೆ ಅವರ ಫೋನಿಂದಲೂ ನಾನೇ ಹಾಕಿಬಿಡುತ್ತೇನೆ. ಆ ದಿನ ಅವರದ್ದೂ ಹಾಕಲಾಗಲಿಲ್ಲ.)’

ಅಲ್ಲ ತಾಯಿ, ಇದನ್ನು ಕಂಸದೊಳಗೆ ಬರೆಯುವುದೇ?

ಅಂದರೆ ಆ ದಿನ ದೊಡ್ಡಪ್ಪನಿಗೆ ಶುಭಾಶಯ ಹೇಳದವರು ಇಬ್ಬರು. ಒಬ್ಬರು ಅವರ ಸ್ವಂತ ತಮ್ಮನ ಮಗ. ಇನ್ನೊಬ್ಬರು ಆ ಮನೆಗೆ ಸೊಸೆಯಾಗಿ ಬಂದವರು. ಬೈಸಿಕೊಂಡವರು ಯಾರು? ಬೈದವರಲ್ಲಿ ಒಬ್ಬರು ಯಾರು? ಆ ಪಟ್ಟಿಯಲ್ಲಿ ಎರಡು ಭಾಗ ಇರುತ್ತವೆ, ಮೇಲೆ ಓದಿದವರು, ಕೆಳಗೆ ಬರೀ ತಲುಪಿದವರು. ಗ್ರೂಪ್ ತೆರೆದು ನೋಡಿದ ತಪ್ಪಿಗೆ ನೀವು ಮೇಲಿನ ಪಟ್ಟಿಯಲ್ಲಿ ಸಿಕ್ಕಿಬಿದ್ದಿರಿ. ತೆರೆಯದೇ ಇದ್ದ ಪುಣ್ಯಕ್ಕೆ ಅವರು ಕೆಳಗಿನ ಪಟ್ಟಿಯಲ್ಲಿ ಬಚಾವಾದರು. ನೀಲಿ ಟಿಕ್ ಬರದ ಹಾಗೆ ಸೆಟ್ಟಿಂಗ್ ಮಾಡಿಕೊಂಡರೂ ಗ್ರೂಪಿನಲ್ಲಿ ಅದು ನಡೆಯುವುದಿಲ್ಲ, ಮೆಸೇಜ್ ಕಳಿಸಿದವರಿಗೆ ಕಾಣುತ್ತದೆ. ಹಾಗಾಗಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ‘ದೊಡ್ಡತ್ತೆ ಎಷ್ಟು ಚೆನ್ನಾಗಿದ್ದರು’ ಅಂತ ಆ ಫೋಟೋ ನೋಡಿದವರಿಗೇ ಶಿಕ್ಷೆ.

ನಮ್ಮಲ್ಲಿ ಮದುವೆ ಮನೆಯಲ್ಲಿ ಮುಯ್ಯಿ ಬರೆಯುವ ಪದ್ಧತಿ ಇತ್ತಲ್ಲ, ಇನ್ನೂ ಎಷ್ಟೋ ಊರಲ್ಲಿ ಇದೆ. ಚಪ್ಪರದ ಮೂಲೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂರುತ್ತಾರೆ. ಯಾರು ಎಷ್ಟು ಹಾಕಿದರು ಎಂದು ಬರೆಯುತ್ತಾರೆ, ಅವರ ಮನೆಯ ಶುಭಕಾರ್ಯಕ್ಕೆ ನಾವು ವಾಪಸ್ ಹಾಕಬೇಕು. ಲೆಕ್ಕ ಇರುವುದು ತಪ್ಪು ಅಂತ ನಾನು ಹೇಳುವವಳಲ್ಲ, ನೆಂಟಸ್ತಿಕೆಯಲ್ಲಿ ಲೆಕ್ಕ ಎಂದಿನಿಂದಲೂ ಇದೆ. ಆದರೆ ಆ ಪುಸ್ತಕದಲ್ಲಿ ಒಂದು ಮನೆಗೆ ಒಂದೇ ಸಾಲು. ಬರೆದದ್ದು ಟ್ರಂಕಿನೊಳಗೆ ಹೋಗುತ್ತಿತ್ತು. ಹಾಕದವರ ಹೆಸರನ್ನು ಮೈಕಿನಲ್ಲಿ ಕೂಗುತ್ತಿರಲಿಲ್ಲ. ಈಗ ಒಂದು ಮನೆಗೆ ಎರಡು ನಂಬರ್, ಎರಡು ಸಾಲು. ಎರಡನ್ನೂ ತುಂಬಿಸುವವರು ಮಾತ್ರ ಒಬ್ಬರೇ.

ಇದು ನಿಮ್ಮೊಬ್ಬರ ಕಥೆ ಅಲ್ಲ. ವಾಟ್ಸ್‌ಆ್ಯಪ್ ಹುಟ್ಟುವ ಎಷ್ಟೋ ಮೊದಲೇ, 1987ರಲ್ಲಿ, ಅಮೆರಿಕದ ಮಾನವಶಾಸ್ತ್ರಜ್ಞೆ ಮಿಕೇಲಾ ಡಿ ಲಿಯೊನಾರ್ಡೊ ಇದರ ಬಗ್ಗೆ ಬರೆದಿದ್ದರು. ಕ್ಯಾಲಿಫೋರ್ನಿಯಾದ ಇಟಾಲಿಯನ್ ಮೂಲದ ಮನೆಗಳನ್ನು ನೋಡಿ ಬರೆದದ್ದು. ಹಬ್ಬಕ್ಕೆ ಕಾರ್ಡ್ ಕಳಿಸುವುದು, ಫೋನ್ ಮಾಡುವುದು, ಉಡುಗೊರೆ ತರುವುದು, ಊಟಕ್ಕೆ ಸೇರಿಸುವುದು, ಎಲ್ಲ ಹೆಂಗಸರ ತಲೆಗೆ, ಗಂಡನ ಕಡೆ ನೆಂಟರದ್ದೂ ಸೇರಿ. ಹೊತ್ತು ಬೇಕು, ನೆನಪು ಬೇಕು, ಆದರೂ ಯಾರೂ ಅದನ್ನು ಕೆಲಸ ಅಂತ ಎಣಿಸುವುದಿಲ್ಲ. ಅವರು ಇನ್ನೊಂದು ಮಾತೂ ಹೇಳಿದ್ದಾರೆ. ಈ ಕೆಲಸ ಮಾಡುವ ಹೆಂಗಸಿಗೆ ಮನೆತನದಲ್ಲಿ ಒಂದು ಹಿಡಿತವೂ ಸಿಗುತ್ತದೆ.

ನಿಮ್ಮ ಓರಗಿತ್ತಿಯ ಕೈಲಿರುವುದು ಆ ಹಿಡಿತ. ಆಕೆ ಮಾಡಿದ್ದು ಕೆಟ್ಟ ಕೆಲಸವೇ. ಆದರೆ ಎಲ್ಲರ ಹುಟ್ಟುಹಬ್ಬ ನೆನಪಿಟ್ಟು, ಹಳೇ ಆಲ್ಬಮ್ ಹುಡುಕಿ, ಫೋಟೋ ಹಾಕಿ, ಯಾರು ಏನಂದರು ಅಂತ ಕಾಯುವ ಹೆಂಗಸು ಅವರು. ಬಹುಶಃ ಅವರ ಗಂಡನ ಶುಭಾಶಯವೂ ಅವರದ್ದೇ ಬೆರಳಿಂದ ಬಂದಿರಬಹುದು. ಸಿಟ್ಟು ಬಂದದ್ದಕ್ಕೆ ಅವರನ್ನು ಅರ್ಧ ಕ್ಷಮಿಸುತ್ತೇನೆ. ಉಳಿದರ್ಧ ಇಲ್ಲ. ನಿಮಗೊಂದು ಫೋನ್ ಮಾಡಿ ‘ಯಾಕಮ್ಮ, ಏನಾಯ್ತು?’ ಅಂದಿದ್ದರೆ ಮಗುವಿನ ಡೆಂಗಿ ವಿಷಯ ಗೊತ್ತಾಗುತ್ತಿತ್ತು. ಇಬ್ಬರ ನಡುವಿನ ಮಾತನ್ನು 68 ಜನರ ಎದುರು ಆಡಬಾರದು ಎಂದು ಈ ಅಂಕಣದಲ್ಲಿ ಹೇಳಿ ಹೇಳಿ ನನಗೇ ಬೇಜಾರಾಗಿದೆ, ಇನ್ನೂ ಹೇಳುತ್ತೇನೆ.

ಅತ್ತೆಯವರ ವಿಷಯದಲ್ಲಿ ನಾನು ನಿಮ್ಮ ಪರ ಇಲ್ಲ. ಮೊಮ್ಮಗಳಿಗೆ ಹುಷಾರಿಲ್ಲ ಅಂತ ಗ್ರೂಪಿನಲ್ಲಿ ಹೇಳಬೇಡಿ ಎಂದವರು ನೀವೇ. ಅವರು ಮಾತು ಉಳಿಸಿಕೊಂಡರು. ಅದಕ್ಕೆ ಎರಡು ಪುಟ ಬೈಗುಳ ನ್ಯಾಯವಾ?

ಬೈಯಲೇಬೇಕಿದ್ದರೆ ಗ್ರೂಪಿನ ಅಡ್ಮಿನ್ ಆಗಿರುವ ನಿಮ್ಮ ಭಾವನವರನ್ನು ಬೈಯಿರಿ. ದಿನಾ ಬೆಳಿಗ್ಗೆ ಐದೂವರೆಗೆ ದಾಸವಾಳದ ಹೂವಿನ ಮೇಲೆ ‘ಶುಭೋದಯ’ ಹಾಕುತ್ತಾರೆ ಅಂತ ಬರೆದಿದ್ದೀರಿ. (ಈ ದಾಸವಾಳದ ಮೇಲೆ ನನಗಿರುವ ದ್ವೇಷ ಹಳೇ ಓದುಗರಿಗೆ ಗೊತ್ತು.) ಬೇರೆಯವರು ಹಾಕಿದ್ದನ್ನು ಎಲ್ಲರ ಫೋನಿಂದ ಅಳಿಸುವ ಅಧಿಕಾರ 2022ರಿಂದ ಅಡ್ಮಿನ್ ಕೈಲಿದೆ. ಆ ಸ್ಕ್ರೀನ್‌ಶಾಟ್ ಮೂರು ದಿನ ಅಲ್ಲೇ ಇತ್ತು. ಗ್ರೂಪಿನಲ್ಲಿ ಯಾರೋ ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ ಅದೇ 2022ರಲ್ಲಿ ಹೇಳಿದೆ. ಕೋರ್ಟ್ ಬಿಡಬಹುದು, ನಾನು ಬಿಡುವುದಿಲ್ಲ. ಮನೆಗೆ ಬಂದವರಿಗೆ ಜಗಲಿಯಲ್ಲಿ ಅವಮಾನ ಆಗುತ್ತಿದ್ದರೆ ಮನೆಯ ಹಿರಿಮಗ ಹೂವಿನ ಫೋಟೋ ತೋರಿಸುತ್ತಾ ಕೂರಬಾರದು.

ಇನ್ನು ಗ್ರೂಪ್ ಬಿಡುವ ಮಾತು. ಸದ್ದಿಲ್ಲದೆ ಬಿಡಬಹುದು ಅಂತ ಯಾರೋ ಹೇಳಿದರು ಎಂದಿದ್ದೀರಿ. ಈಗ ಬಿಟ್ಟರೆ ನೋಟಿಫಿಕೇಶನ್ ಹೋಗುವುದು ಅಡ್ಮಿನ್‌ಗಳಿಗೆ ಮಾತ್ರ, ನಿಜ. ಆದರೆ ಯಾರು ಬಿಟ್ಟರು ಅಂತ ಗ್ರೂಪಿನ ಯಾರು ಬೇಕಾದರೂ 60 ದಿನದವರೆಗೆ ನೋಡಬಹುದು. ಪಟ್ಟಿ ತೆಗೆದು ನೋಡುವ ಹವ್ಯಾಸ ಇರುವವರು ಅಲ್ಲಿ ಇದ್ದೇ ಇದ್ದಾರಲ್ಲ. ಮುಂದಿನ ಸ್ಕ್ರೀನ್‌ಶಾಟ್‌ಗೆ ನೀವೇ ಸಾಮಗ್ರಿ ಕೊಟ್ಟ ಹಾಗಾಗುತ್ತದೆ. ಕ್ಷಮೆಯಂತೂ ಬೇಡವೇ ಬೇಡ. ಮಗುವಿನ ಪಕ್ಕ ಕೂತಿದ್ದಕ್ಕೆ ಯಾರೂ ಕ್ಷಮೆ ಕೇಳಬೇಕಿಲ್ಲ.

ನಿಮ್ಮ ಗಂಡ ಕೆಟ್ಟವರಲ್ಲ. ಮೂರು ರಾತ್ರಿ ಆಸ್ಪತ್ರೆಯಲ್ಲಿ ನೆಲದ ಮೇಲೆ ಮಲಗಿದ್ದರು ಅಂತ ನೀವೇ ಬರೆದಿದ್ದೀರಿ. ಆದರೆ ‘ನಮ್ಮ ಹುಡುಗ ಎಷ್ಟೇ ಕೆಲಸ ಇದ್ದರೂ ಮರೆಯಲ್ಲ’ ಅಂತ ದೊಡ್ಡತ್ತೆ ಹೊಗಳುತ್ತಾರಲ್ಲ, ಆ ಹುಡುಗ ಇರುವುದು ನಿಮ್ಮ ಬೆರಳ ತುದಿಯಲ್ಲಿ. ಅವರಿಗೆ ಅದು ಕೆಲಸ ಅಂತಲೇ ಗೊತ್ತಿಲ್ಲ. ಗೊತ್ತಾಗುವ ಹಾಗೆ ನೀವು ಬಿಟ್ಟಿಲ್ಲ, ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದೀರಿ.

ಹಾಗಾಗಿ ಮಾಡಬೇಕಾದ್ದು ಒಂದೇ. ಇವತ್ತಿನಿಂದ ಅವರ ಫೋನ್ ಮುಟ್ಟಬೇಡಿ. ಅವರ ಕಡೆಯವರಿಗೆ ಅವರೇ ಹೇಳಲಿ, ನಿಮ್ಮ ಕಡೆಯವರಿಗೆ ನೀವು. ಶುರು ದೊಡ್ಡಪ್ಪನಿಂದಲೇ ಆಗಲಿ. ಪೊರೆ ಆಪರೇಷನ್ ಆಗಿ ಅವರು ಫೋನ್ ಓದುವುದಿಲ್ಲ, ಮೊಮ್ಮಗಳು ಓದಿ ಹೇಳುತ್ತಾಳೆ ಎಂದಿದ್ದೀರಿ. ಹಾಗಿದ್ದರೆ ಇಮೋಜಿಗಿಂತ ಅಣ್ಣತಮ್ಮಂದಿರ ಮಕ್ಕಳ ದನಿ ಅವರಿಗೆ ಹಿತ ಅಲ್ವಾ? ಭಾನುವಾರ ನಿಮ್ಮ ಯಜಮಾನರೇ ಫೋನ್ ಮಾಡಲಿ. ಮಗಳಿಗೆ ಜ್ವರ ಇತ್ತು ಅಂತ ಅವರ ಬಾಯಲ್ಲೇ ಬರಲಿ.

ಮುಂದಿನ ತಿಂಗಳು ಇನ್ಯಾರದೋ ಹುಟ್ಟುಹಬ್ಬ ಬರುತ್ತದೆ. ‘ನೀನೇ ಟೈಪ್ ಮಾಡಿಕೊಡು, ನಂಗೆ ಕನ್ನಡ ಕೀಬೋರ್ಡ್ ಬರಲ್ಲ’ ಅನ್ನುತ್ತಾರೆ. ಕೊಡಬೇಡಿ. ಕಾಗುಣಿತ ತಪ್ಪಿ ‘ಶುಬಾಶಯ’ ಅಂತ ಹೋದರೂ ಹೋಗಲಿ, ತಿದ್ದಲು ಕೈ ಚಾಚಬೇಡಿ.