ಬೆಳಿಗ್ಗೆ ಹಠ ಹಿಡಿಯುವ ಹಳೇ ಟ್ರ್ಯಾಕ್ಟರ್: ಪಂಪ್ ಬಿಚ್ಚುವ ಮೊದಲು

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆ ಸಣ್ಣ ಅರೇಬಿಕಾ ತೋಟ, ಜೊತೆಗೆ ಎರಡು ಎಕರೆ ಗದ್ದೆ. 1994ರ ಟ್ರ್ಯಾಕ್ಟರ್ ಇದೆ. ಮೂರು ಸಿಲಿಂಡರ್, 35 ಎಚ್‌ಪಿ. ನಾಟಿ ಮುಗಿದ ಮೇಲೆ ಶೆಡ್‌ನಲ್ಲಿ ನಿಲ್ಲಿಸಿದವರು ಕುಯ್ಲು ಶುರುವಾದ ಮೇಲೇ ತೆಗೆದದ್ದು. ಈಗ ಬೆಳಿಗ್ಗೆ ಹತ್ತು ಹದಿನೈದು ಸಲ ಸೆಲ್ಫ್ ಹೊಡೆದರೂ ಹಿಡಿಯುವುದಿಲ್ಲ. ಮನೆ ಮುಂದಿನ ಇಳಿಜಾರಿನಲ್ಲಿ ಬಿಟ್ಟರೆ ನಾಲ್ಕು ಮಾರು ಹೋಗುವಷ್ಟರಲ್ಲಿ ಸ್ಟಾರ್ಟ್. ಆಮೇಲೆ ಸಂಜೆವರೆಗೂ ಕೀ ತಿರುಗಿಸಿದರೆ ಸಾಕು. ಬ್ಯಾಟರಿ ಹೋದ ತಿಂಗಳು ಹಾಕಿಸಿದ್ದು. ಡೀಸೆಲ್ ಪಂಪ್ ಬಿಚ್ಚಬೇಕು ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಬಿಚ್ಚಿಸಲಾ?

ಉತ್ತರ: ಬೇಡ, ಈಗಲೇ ಬೇಡ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಇಳಿಜಾರಿನಲ್ಲಿ ನಾಲ್ಕು ಮಾರಿಗೆ ಹಿಡಿಯುವ ಎಂಜಿನ್‌ಗೆ ಪಂಪ್ ಡೀಸೆಲ್ ಕೊಡುತ್ತಿದೆ ಅಂತಲೇ ಅರ್ಥ. ಸೆಲ್ಫ್‌ಗೂ ಇಳಿಜಾರಿಗೂ ಇರುವ ವ್ಯತ್ಯಾಸ ಒಂದೇ, ಎಂಜಿನ್ ಎಷ್ಟು ಜೋರಾಗಿ ಸುತ್ತುತ್ತದೆ ಅನ್ನೋದು.

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು 16-17 ಪಟ್ಟು ಒತ್ತಿದಾಗ ಅದು 500 ಡಿಗ್ರಿಗೂ ಮೇಲೆ ಕಾಯುತ್ತದೆ. ಆ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ನಿಧಾನಕ್ಕೆ ಒತ್ತಿದರೆ ಗಾಳಿ ಪಿಸ್ಟನ್ ರಿಂಗ್ ಪಕ್ಕದಿಂದ ಜಾರಿಹೋಗುತ್ತದೆ, ಉಳಿದ ಕಾವನ್ನು ತಣ್ಣಗಿರುವ ಲೈನರ್ (ಸಿಲಿಂಡರ್ ಗೋಡೆ) ಎಳೆದುಕೊಳ್ಳುತ್ತದೆ. ಡಿಸೆಂಬರ್ ಬೆಳಿಗ್ಗೆ ಆಯಿಲ್ ಗಟ್ಟಿ, ಬ್ಯಾಟರಿಯ ಶಕ್ತಿಯೂ ಕಡಿಮೆ. ಸಂಜೆ ಹೊತ್ತಿಗೆ ಎಲ್ಲವೂ ಬಿಸಿ. ಹಾಗಾಗಿಯೇ ಆಗ ತಕರಾರಿಲ್ಲ.

ಬ್ಯಾಟರಿ ಹೊಸದು, ಸರಿ. ಕೇಬಲ್? ಅದು ಟ್ರ್ಯಾಕ್ಟರ್ ಜೊತೆಗೇ ಬಂದದ್ದು ಇರಬೇಕು, ಅಲ್ವಾ? ನಾನೂ ಒಮ್ಮೆ ಇಲ್ಲೇ ಮೋಸಹೋಗಿದ್ದೆ. ಎರಡು ವಾರ ಪಂಪ್ ಮೇಲೆ ಅನುಮಾನಪಟ್ಟೆ. ಕೊನೆಗೆ ನೋಡಿದರೆ ಅರ್ಥ್ ಕೇಬಲ್‌ನ ಬೋಲ್ಟನ್ನು ಹೊಸದಾಗಿ ಪೇಂಟ್ ಹೊಡೆದ ಜಾಗದ ಮೇಲೇ ಬಿಗಿದಿದ್ದರು. ಪೇಂಟ್ ಕೆರೆದು, ಒಂದು ಬೋಲ್ಟ್ ತಿರುಗಿಸಿದ್ದಷ್ಟೇ ಕೆಲಸ.

ಹೀಗೆ ಪರೀಕ್ಷೆ ಮಾಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಬಿಗಿದಿರಲಿ. ಎಂಜಿನ್ ಹಿಡಿಯದ ಹಾಗೆ ಎಂಜಿನ್ ನಿಲ್ಲಿಸುವ ಸ್ಟಾಪ್ ಗುಂಡಿ ಎಳೆದು ಹಿಡಿಯಿರಿ. ಹೆಡ್‌ಲೈಟ್ ಹಾಕಿ ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಲೈಟ್ ಪೂರ್ತಿ ಕಂದಿದರೆ ಬ್ಯಾಟರಿ ಚಾರ್ಜ್ ಇಲ್ಲ, ಇಲ್ಲವೇ ಎಂಜಿನ್ ಬಿಗಿ ಇದೆ. ಲೈಟ್ ಚೆನ್ನಾಗಿಯೇ ಇದ್ದು ಸೆಲ್ಫ್ ಮಾತ್ರ ನರಳಿದರೆ ತಪ್ಪು ಕೇಬಲ್‌ನಲ್ಲೋ ಸೆಲ್ಫ್‌ನಲ್ಲೋ ಇದೆ. ಸೆಲ್ಫ್ ನಿಲ್ಲಿಸಿದ ಕೂಡಲೇ ಬ್ಯಾಟರಿ ಟರ್ಮಿನಲ್, ಸೆಲ್ಫ್ ಮೇಲಿನ ದಪ್ಪ ನಟ್, ಅರ್ಥ್ ಬೋಲ್ಟ್ ಮೂರನ್ನೂ ಬೆರಳಲ್ಲಿ ಮೆಲ್ಲಗೆ ಮುಟ್ಟಿ ನೋಡಿ. ಬಿಸಿಯಾದದ್ದೇ ಕಳ್ಳ.

ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ. ರಾತ್ರಿ ನಿಂತ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಆಮೇಲೆ ಮೀಟರ್‌ನ ಒಂದು ತುದಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್‌ನ ಬರಿ ಕಬ್ಬಿಣಕ್ಕೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿತೆಂದರೆ ಅರ್ಥ್ ದಾರಿಯಲ್ಲಿ ತಡೆ ಇದೆ. ಹಸಿರು ಬಿಳಿ ಪುಡಿ ಕಟ್ಟಿದ್ದರೆ ಕೇಬಲ್ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಮಿಂಚುವಷ್ಟು ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಕೇಬಲ್ ತೆಳ್ಳಗಿದ್ದರೆ ಬದಲಾಯಿಸಿ. ಕಾರಿನ ಕೇಬಲ್ ಹಾಕಿದ ಟ್ರ್ಯಾಕ್ಟರ್‌ಗಳನ್ನೂ ನೋಡಿದ್ದೇನೆ.

ಇದೆಲ್ಲ ಸರಿ ಇದ್ದೂ ಸೆಲ್ಫ್ ನಿಧಾನವಾದರೆ ಅದನ್ನೇ ಬಿಚ್ಚಿಸಿ. ಬುಷ್ ಮತ್ತು ಕಾರ್ಬನ್ ಸವೆದಿರುತ್ತವೆ. ಇನ್ನೊಂದು ಮಾತು. ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡ್‌ಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ. ಬಿಡದೆ ಹದಿನೈದು ಸಲ ಹೊಡೆದರೆ ಹೊಸ ಬ್ಯಾಟರಿಯೂ ಸೋಲುತ್ತದೆ.

ಸೆಲ್ಫ್ ಚುರುಕಾಗಿ ಸುತ್ತಿಯೂ ಹಿಡಿಯದಿದ್ದರೆ? ಆಗ ಸೈಲೆನ್ಸರ್ ನೋಡಿ. ನೀವು ಹೊಗೆಯ ವಿಷಯ ಬರೆದೇ ಇಲ್ಲ. ಅದೇ ಮುಖ್ಯ.

ಹೊಗೆಯೇ ಇಲ್ಲ ಅಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಮೊದಲು ನೋಡಬೇಕಾದ್ದು ಸ್ಟಾಪ್ ಕೇಬಲ್. ಮಳೆಗಾಲದ ತೇವಕ್ಕೆ ಅದು ತುಕ್ಕು ಹಿಡಿಯುತ್ತದೆ. ಗುಂಡಿ ಒಳಗೆ ಹೋದ ಹಾಗೆ ಕಾಣುತ್ತದೆ, ಆದರೆ ಪಂಪ್ ಹತ್ತಿರದ ಲಿವರ್ ಅರ್ಧಕ್ಕೇ ನಿಂತಿರುತ್ತದೆ. ಕೈಯಲ್ಲಿ ತಳ್ಳಿ ನೋಡಿ. ಆಮೇಲೆ ನೀರು. ಅರ್ಧ ಖಾಲಿ ಟ್ಯಾಂಕ್ ತಿಂಗಳುಗಟ್ಟಲೆ ನಿಂತರೆ ಒಳಗೋಡೆಯ ಮೇಲೆ ತೇವ ಹನಿಗಟ್ಟಿ ತಳಕ್ಕೆ ಇಳಿಯುತ್ತದೆ. ಡೀಸೆಲ್‌ಗಿಂತ ನೀರು ಭಾರ. ಬೆಳಿಗ್ಗೆ ಎಂಜಿನ್ ಮುಟ್ಟುವ ಮೊದಲು ಫಿಲ್ಟರ್ ಅಡಿಯ ಬೋಲ್ಟ್ ಸಡಿಲಿಸಿ ಒಂದು ಗಾಜಿನ ಲೋಟಕ್ಕೆ ಹಿಡಿಯಿರಿ. ಅಡಿಯಲ್ಲಿ ಬೇರೆಯಾಗಿ ನಿಂತದ್ದು ಕಂಡರೆ ಅದೇ ನೀರು. ಪೂರ್ತಿ ಇಳಿಸಿ, ಫಿಲ್ಟರ್ ಬದಲಾಯಿಸಿ. ಬರುವ ಮಳೆಗಾಲಕ್ಕೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ.

ಫಿಲ್ಟರ್ ಬಿಚ್ಚಿದ ಮೇಲೆ ಡೀಸೆಲ್ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ, ಅಂದರೆ ಏರ್ ತೆಗೆಯಲೇಬೇಕು. ಫಿಲ್ಟರ್ ತಲೆಯ ಮೇಲಿನ ಏರ್ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ, ಟ್ಯಾಂಕ್‌ನಿಂದ ಡೀಸೆಲ್ ಎಳೆಯುವ ಸಣ್ಣ ಫೀಡ್ ಪಂಪ್‌ನ ಕೈ ಲಿವರ್ ಒತ್ತುತ್ತಾ ಇರಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಆಮೇಲೆ ನೂಲಿನ ಹಾಗೆ ಸ್ವಚ್ಛ ಡೀಸೆಲ್. ಅದು ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಡೀಸೆಲ್ ಪಂಪ್ ಮೇಲಿನ ಸ್ಕ್ರೂಗೂ ಹೀಗೇ. ಲಿವರ್ ಒತ್ತಿದರೆ ಖಾಲಿ ಅಲ್ಲಾಡುತ್ತಿದೆ ಅಂದರೆ ಫೀಡ್ ಪಂಪ್ ಕೆಟ್ಟಿದೆ ಅಂದುಕೊಳ್ಳಬೇಡಿ. ಅದು ಒಳಗಿನ ಕ್ಯಾಮ್‌ನ ಉಬ್ಬಿನ ಮೇಲೆ ನಿಂತಿರುತ್ತದೆ. ಎಂಜಿನ್ ಸ್ವಲ್ಪ ತಿರುಗಿಸಿದರೆ ಲಿವರ್‌ಗೆ ಜೀವ ಬರುತ್ತದೆ. ಕೊನೆಗೆ ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ನಾಝಲ್ ತುದಿಯ ನಟ್ ಒಂದು ಸುತ್ತು ಸಡಿಲಿಸಿ, ಸೆಲ್ಫ್ ಹೊಡೆಸಿ, ಡೀಸೆಲ್ ಚಿಮ್ಮಿದ ಕೂಡಲೇ ಬಿಗಿಸಿ. ಆ ಚಿಮ್ಮುವ ಜಾಗಕ್ಕೆ ಕೈ ಒಡ್ಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ. ಹಾಗೇನಾದರೂ ಆದರೆ ನೋವಿಲ್ಲದಿದ್ದರೂ ನೇರ ಆಸ್ಪತ್ರೆಗೆ ಹೋಗಿ.

ದಿನಾ ಬೆಳಿಗ್ಗೆ ಏರ್ ಹಿಡಿಯುತ್ತಿದೆ ಅನ್ನಿಸಿದರೆ ಟ್ಯಾಂಕ್‌ನಿಂದ ಫೀಡ್ ಪಂಪ್‌ವರೆಗಿನ ಪೈಪ್ ಮೇಲೆ ಕಣ್ಣಿಡಿ. ಇಲ್ಲಿ ಹೊರಗೆ ಡೀಸೆಲ್ ಸೋರದೆಯೂ ಒಳಗೆ ಗಾಳಿ ಎಳೆದುಕೊಳ್ಳಬಹುದು. ತೊಳೆದ ಕ್ಯಾನ್‌ಗೆ ಡೀಸೆಲ್ ತುಂಬಿ ಎತ್ತರದಲ್ಲಿಟ್ಟು, ಪಾರದರ್ಶಕ ಪೈಪ್‌ನಿಂದ ಫೀಡ್ ಪಂಪ್‌ಗೆ ಒಂದು ರಾತ್ರಿ ಜೋಡಿಸಿಡಿ. ಬೆಳಿಗ್ಗೆ ಹಿಡಿದರೆ ತಪ್ಪು ಆ ಹಳೇ ಪೈಪ್‌ನದ್ದೇ. ಪೈಪ್ ತುದಿಯ ಬ್ಯಾಂಜೋ ಬೋಲ್ಟ್‌ನ (ಒಳಗೆ ತೂತಿರುವ ಬೋಲ್ಟ್) ತಾಮ್ರದ ವಾಷರ್ ಹೊಸದು ಹಾಕಿ. ಸಿಗದಿದ್ದರೆ ಹಳೆಯದನ್ನೇ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮೆತ್ತಗಾಗಿ ಮತ್ತೆ ಕೂರುತ್ತದೆ.

ಬಿಳಿ ಹೊಗೆ ಬಂದರೆ ಡೀಸೆಲ್ ತಲುಪುತ್ತಿದೆ, ಆದರೆ ಉರಿಯುತ್ತಿಲ್ಲ. ಸ್ಟಾರ್ಟ್‌ಗೆ ಮುಂಚೆ ಗಾಳಿ ಕಾಯಿಸುವ ಹೀಟರ್ ಇರುವ ಗಾಡಿಯಾದರೆ 15-20 ಸೆಕೆಂಡ್ ಹೀಟರ್ ಹಾಕಿ ಆಮೇಲೆ ಸೆಲ್ಫ್ ಹೊಡೆಯಿರಿ. ಹೀಟರ್ ಕೆಟ್ಟು ವರ್ಷವಾದರೂ ಗೊತ್ತೇ ಆಗಿರುವುದಿಲ್ಲ. ಅದೂ ಸರಿ ಇದ್ದರೆ ನಾಝಲ್ ಟೆಸ್ಟ್, ವಾಲ್ವ್‌ನ ಟ್ಯಾಪೆಟ್, ಕೊನೆಗೆ ರಿಂಗ್. ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಒಳಗಿನ ಗಾಳಿ ಹೊರಬಿಡುವ ಬ್ರೀದರ್‌ನಿಂದ ಬುಸುಬುಸು ಹೊಗೆ ಬಂದರೆ ಸಿಲಿಂಡರ್ ಬೋರ್ ಕೆಲಸಕ್ಕೆ ದುಡ್ಡು ಎತ್ತಿಡಿ. ಕಪ್ಪು ಹೊಗೆಗೆ ಏರ್ ಫಿಲ್ಟರ್ ನೋಡಿ. ನಿಂತ ಗಾಡಿಯ ಪೈಪ್‌ನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದೂ ಉಂಟು.

ಒಂದು ದಿನ ಸೆಲ್ಫ್ ಮುಟ್ಟದೆ ನೇರ ಇಳಿಜಾರಿನಲ್ಲೇ ಬಿಟ್ಟು ನೋಡಿ. ಆಗಲೂ ನಾಲ್ಕೇ ಮಾರಿಗೆ ಹಿಡಿದರೆ ಅನುಮಾನವೇ ಇಲ್ಲ, ಕೇಬಲ್ ಮತ್ತು ಸೆಲ್ಫ್. ಬಹಳ ದೂರ ಹೋದ ಮೇಲೆ ಹಿಡಿದರೆ ಏರ್ ಕೂಡ ಸೇರಿಕೊಂಡಿದೆ, ನಿಮ್ಮ ಹದಿನೈದು ಸೆಲ್ಫ್ ಅದನ್ನು ತಳ್ಳುತ್ತಿತ್ತು. ಆದರೆ ಟ್ರೇಲರ್ ಕಟ್ಟಿಕೊಂಡು ಮಾತ್ರ ಇದನ್ನು ಮಾಡಬೇಡಿ. ಕೊಡಗಿನಲ್ಲಿ ಇಳಿಜಾರಿಗೆ ಬರವಿಲ್ಲ, ಇಳಿಜಾರಿನ ಕೊನೆಯಲ್ಲಿ ಕೆರೆಗೂ ಬರವಿಲ್ಲ.

ಪ್ರಶ್ನೆ: ಚಳಿಗೆ ಸ್ಟಾರ್ಟ್ ಆಗದಿದ್ದರೆ ನಮ್ಮ ಡ್ರೈವರ್ ಪೆಟ್ರೋಲ್ ಬಟ್ಟೆಯನ್ನು ಏರ್ ಪೈಪ್ ಬಾಯಿಗೆ ಹಿಡಿಯುತ್ತಾನೆ. ಸ್ಪ್ರೇ ಕೂಡ ಸಿಗುತ್ತದಂತೆ. ಟ್ರ್ಯಾಕ್ಟರ್‌ಗೆ ಅದರ ಚಟ ಹತ್ತುತ್ತದೆ ಅನ್ನೋದು ನಿಜವಾ? (ಪೊನ್ನಂಪೇಟೆ ಕಡೆಯ ಓದುಗರು)

ಉತ್ತರ: ಚಟ ಹತ್ತುವುದು ಡ್ರೈವರ್‌ಗೆ. ಎಂಜಿನ್‌ನಲ್ಲಿ ಕಂಪ್ರೆಷನ್ ಕಡಿಮೆಯಾಗುತ್ತಾ ಬಂದಿರುತ್ತದೆ, ದಿನಾ ಸ್ಪ್ರೇ ಹೊಡೆದು ಅದನ್ನು ಮುಚ್ಚಿಡುತ್ತೇವೆ ಅಷ್ಟೇ. ಈಥರ್ ಸ್ಪ್ರೇ ಹೊತ್ತಲ್ಲದ ಹೊತ್ತಿಗೆ ಉರಿದು ಪಿಸ್ಟನ್‌ಗೆ ಸುತ್ತಿಗೆ ಏಟು ಕೊಡುತ್ತದೆ, ರಿಂಗ್ ಒಡೆಯುತ್ತದೆ. ಹೀಟರ್ ಕಾದಿರುವಾಗ ಹೊಡೆದರೆ ಮ್ಯಾನಿಫೋಲ್ಡ್‌ನಲ್ಲೇ ಸ್ಫೋಟವಾಗಬಹುದು, ಮುಖ ಹತ್ತಿರದಲ್ಲೇ ಇರುತ್ತದೆ. ಪೆಟ್ರೋಲ್ ಬಟ್ಟೆಯೂ ಬೇಡ. ರೇಡಿಯೇಟರ್ ಖಾಲಿ ಮಾಡಿ ನಿಧಾನಕ್ಕೆ ಬಿಸಿನೀರು ಹಾಕುವ ಹಳೇ ಉಪಾಯ ಇದಕ್ಕಿಂತ ವಾಸಿ. ನೀರು ಕುದಿಯುತ್ತಿರಬಾರದು, ಕೈಗೆ ಬಿಸಿ ಅನ್ನಿಸುವಷ್ಟಿದ್ದರೆ ಸಾಕು.

ಪ್ರಶ್ನೆ: ಕೀ ತಿರುಗಿಸಿದರೆ ಟಕ್ ಅನ್ನುತ್ತದೆ, ಸುತ್ತುವುದಿಲ್ಲ. ಸೆಲ್ಫ್ ಮೇಲಿನ ಎರಡು ದಪ್ಪ ನಟ್‌ಗಳಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟರೆ ಸುತ್ತುತ್ತದೆ. (ವಿರಾಜಪೇಟೆ)

ಉತ್ತರ: ಸೆಲ್ಫ್‌ಗೆ ಕರೆಂಟ್ ಬಿಡುವ ಸ್ವಿಚ್, ಅಂದರೆ ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿದೆ. ಸೊಲೆನಾಯ್ಡ್ ಬದಲಾಯಿಸಿ. ಸ್ಕ್ರೂಡ್ರೈವರ್ ಇಡುವವರು ನಿಲ್ಲುವುದು ಮುಂದಿನ ಚಕ್ರಕ್ಕೂ ಹಿಂದಿನ ದೊಡ್ಡ ಚಕ್ರಕ್ಕೂ ನಡುವೆ. ಯಾರೋ ಗೇರ್‌ನಲ್ಲಿ ಬಿಟ್ಟು ಹೋಗಿದ್ದರೆ ಎಂಜಿನ್ ಹಿಡಿದ ಕೂಡಲೇ ಗಾಡಿ ಹೊರಡುತ್ತದೆ, ಹಿಂದಿನ ಚಕ್ರ ನಿಮ್ಮ ಮೇಲೇ ಬರುತ್ತದೆ. ಇವತ್ತೇ ರಿಪೇರಿ ಮಾಡಿಸಿ. ಆ ಸ್ಕ್ರೂಡ್ರೈವರನ್ನು ಟೂಲ್ ಬಾಕ್ಸ್‌ನಿಂದ ತೆಗೆದು ಅಡುಗೆಮನೆಯಲ್ಲಿಟ್ಟರೂ ಅಡ್ಡಿಯಿಲ್ಲ.